ತುಕ್ಕು ಹಿಡಿದ ತಗಡು ಕೊಟ್ಟ ಅಚ್ಚು

ಅಳಲೆಕಾಯಿ ಕಷಾಯದಲ್ಲಿ ಅದ್ದಿದ ಗರಗದ ಖಾದಿಯ ತುಂಡೊಂದನ್ನು ವಿದ್ಯಾರ್ಥಿನಿಯೊಬ್ಬಳು ಧಾರವಾಡದ ನಮ್ಮ ಶಾಲೆಯ ಹಿತ್ತಲಲ್ಲಿ ಹಳೆಯ ತಗಡಿನ ಮೇಲೆ ಒಣಹಾಕಿ ಮರೆತುಹೋದಳು. ರಾತ್ರಿಯೆಲ್ಲ ಜಿಟಿಜಿಟಿ ಮಳೆ ಬಿತ್ತು. ಬೆಳಿಗ್ಗೆ ನೋಡಿದರೆ ತಗಡಿನ ಒಂದೊಂದು ಏಣೂ, ಮೊಳೆಯ ತೂತಿನ ಸಮೇತ, ಹಳದಿ ಬಟ್ಟೆಯ ಮೇಲೆ ಕಡುಗಪ್ಪಾಗಿ ಮೂಡಿತ್ತು. ಬಟ್ಟೆ ಕೆಟ್ಟಿತೆಂದು ಅವಳು ಅಳುತ್ತಿದ್ದಳು. ನಾನು ಅದನ್ನು ಜೋಪಾನವಾಗಿ ಮನೆಗೆ ಒಯ್ದೆ.

ಕಬ್ಬಿಣಕ್ಕೆ ಅಳಲೆಯ ಒಗರು ತಾಗಿದರೆ ಕಪ್ಪಾಗುವುದು ಬಣ್ಣ ಹಾಕುವವರಿಗೆಲ್ಲ ತಿಳಿದದ್ದೇ. ಕಬ್ಬಿಣದ ನೀರನ್ನು, ಎಂದರೆ ಕಬ್ಬಿಣ ನೆನೆಸಿದ ದ್ರಾವಣವನ್ನು, ಕಾಯಿಸದೆ ವಸ್ತುವನ್ನೇ ಅಚ್ಚಾಗಿಸಬಹುದೆಂಬುದು ನನಗೆ ಹೊಳೆದದ್ದು ಅಂದು. ಕುಡುಗೋಲು, ಎತ್ತಿನ ಲಾಳ, ಚಕ್ಕಡಿಯ ಗಾಲಿಪಟ್ಟಿ, ಹೀಗೆ ಕಮ್ಮಾರರಲ್ಲಿ ಸಿಕ್ಕಿದ್ದನ್ನೆಲ್ಲ ವಿನೆಗರ್ ಸವರಿ ಒತ್ತಿದೆ.

ಕಬ್ಬಿಣವು ಹತ್ತಿಯನ್ನು ತಿನ್ನುತ್ತದೆಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು, ಮತ್ತು ಮೊದಲಿಗೆ ಅವರ ಮಾತೇ ನಿಜವಾಯಿತು. ಸುಮಾರು ಹದಿನಾಲ್ಕು ಮೀಟರ್ ಬಟ್ಟೆ ಆರೇಳು ತಿಂಗಳಲ್ಲಿ ಕಪ್ಪು ಗೆರೆಗುಂಟ ಹರಿಯಿತು. ಹುಬ್ಬಳ್ಳಿಯ ಗಿರಾಕಿಗೆ ಆರು ಸಾವಿರದಷ್ಟು ಮುಂಗಡ ಹಿಂದಿರುಗಿಸಿದೆ. ಬಟ್ಟೆಯ ನಾಲ್ಕು ಸಾವಿರ ಬೇರೆ ಹೋಯಿತು.

ದಾರಿ ತೋರಿದ್ದು ಮತ್ತೊಂದು ಆಕಸ್ಮಿಕ. ಶಾಲೆಗೆ ಸುಣ್ಣ ಬಳಿಯುವಾಗ ಹುಡುಗನೊಬ್ಬನ ಕೈಯಿಂದ ಅಚ್ಚೊತ್ತಿದ ಬಟ್ಟೆಯ ತುಂಡೊಂದು ಸುಣ್ಣದ ತಿಳಿನೀರಿನ ಬಕೆಟ್ಟಿಗೆ ಬಿತ್ತು. ತೊಳೆದು ಕಪಾಟಿನಲ್ಲಿಟ್ಟೆ. ಮರುವರ್ಷ ಅದೇ ದಿನದ ತುಂಡುಗಳನ್ನೆಲ್ಲ ಎರಡೂ ಕೈಯಿಂದ ಎಳೆದು ನೋಡಿದಾಗ ಉಳಿದವು ಹರಿದವು, ಅದೊಂದು ಹರಿಯಲಿಲ್ಲ. ಎಳೆಯಲ್ಲಿ ಉಳಿದ ಹುಳಿಯನ್ನು ಸುಣ್ಣ ಮುರಿದಿತ್ತು. ಕಪ್ಪು ತುಸು ಕಂದುತ್ತದೆ, ಆದರೆ ಬಟ್ಟೆ ಉಳಿಯುತ್ತದೆ. ಈಗ ಕೆಲವೇ ನಿಮಿಷ ತಿಳಿನೀರಿನಲ್ಲಿಟ್ಟು ಮೂರು ನೀರಿನಲ್ಲಿ ತೊಳೆಯುತ್ತೇನೆ. ಸುಣ್ಣದ ಪ್ರಮಾಣವನ್ನೂ ಕೊನೆಯ ನೀರಿಗೆ ಬೆರೆಸುವುದನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ದಾಳಿಂಬೆ ಸಿಪ್ಪೆಯನ್ನೂ ಪ್ರಯತ್ನಿಸಿದೆ; ಹಸಿರು ಬೆರೆತ ಬೂದುಗಪ್ಪು ಬಂತು, ಮನಸ್ಸಿಗೆ ಒಪ್ಪಲಿಲ್ಲ. ಚಹಾದ ಡಿಕಾಕ್ಷನ್ ಬಳಿದ ಕಾಗದವಂತೂ ತರಗತಿಗೆ ವರವಾಯಿತು. ಎಂಟನೆಯ ತರಗತಿಯ ಮಕ್ಕಳು ಅದರ ಮೇಲೆ ಕಬ್ಬಿಣದ ನೀರಿನಿಂದ ಹೆಸರು ಬರೆದು, ಅಕ್ಷರ ಕಪ್ಪಾಗುವುದನ್ನು ಉಸಿರು ಬಿಗಿಹಿಡಿದು ನೋಡುತ್ತಾರೆ. ಕಬ್ಬಿಣಕ್ಕೆ ಒಗರು ಬೆರೆಸಿ ಮಾಡುತ್ತಿದ್ದ ಹಳೆಯ ಕಾಲದ ಬರೆಯುವ ಮಸಿಯ ಗುಟ್ಟೂ ಇದೇ ಎಂದು ಆಗ ಹೇಳಿದರೆ ಯಾರೂ ಮರೆಯುವುದಿಲ್ಲ.

ಬಟ್ಟೆ ಬಿಟ್ಟರೆ ಮೀಟರಿಗೆ ಅರವತ್ತು ರೂಪಾಯಿಯೊಳಗೆ ಖರ್ಚು ಮುಗಿಯುತ್ತದೆ. ಕುಡುಗೋಲಿನ ಹಲ್ಲುಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಒತ್ತಿದವರನ್ನು ನಾನಿನ್ನೂ ಕಂಡಿಲ್ಲ. ಸುಣ್ಣ ಕಾಣದ ಆ ಮೊದಲ ಬಟ್ಟೆ ಮಾತ್ರ ಏಣುಗಳಗುಂಟ ಬಿರಿದಿದೆ. ಎರಡು ಗಾಜಿನ ನಡುವೆ ಇಟ್ಟಿದ್ದೇನೆ, ಮೊಳೆಯ ತೂತು ಈಗಲೂ ದುಂಡಗೆ ಕಾಣುತ್ತದೆ.