ಅಮೆರಿಕದ ಅಧ್ಯಕ್ಷರ ಮನೆ ನೋಡುವ ಮುಂಚೆ ಒಂದು ಪುಸ್ತಕ ಓದಿ

ಮುಂದಿನ ವರ್ಷ ಅಮೆರಿಕದ ಅಧ್ಯಕ್ಷರ ಚರಿತ್ರೆ ಓದಬೇಕು, ಒಂದೆರಡು ಜಾಗನೂ ನೋಡಬೇಕು ಅಂತ ಮನಸ್ಸಿದೆಯಾ? ಹಾಗಾದರೆ ದೊಡ್ಡ ಪಟ್ಟಿ ಮಾಡಬೇಡಿ. ನಲವತ್ತಕ್ಕಿಂತ ಜಾಸ್ತಿ ಜನ ಆ ಕುರ್ಚಿಯಲ್ಲಿ ಕೂತಿದ್ದಾರೆ, ಹೆಚ್ಚಿನವರ ಹೆಸರಲ್ಲಿ ಒಂದು ಮನೆಯೋ ಸಮಾಧಿಯೋ ಲೈಬ್ರರಿಯೋ ಇದೆ, ಎಲ್ಲವನ್ನೂ ಮುಟ್ಟಿ ಬರುತ್ತೇನೆ ಅಂತ ಹೊರಟರೆ ಕೊನೆಗೆ ನೆನಪಲ್ಲಿ ಉಳಿಯುವುದು ಹಗ್ಗ ಕಟ್ಟಿದ ಊಟದ ಕೋಣೆಗಳಷ್ಟೇ. ವರ್ಷಕ್ಕೆ ಮೂರು ಜನ ಸಾಕು. ಒಬ್ಬೊಬ್ಬರಿಗೆ ಒಂದು ಪುಸ್ತಕ, ಒಂದು ಜಾಗ. ಪುಸ್ತಕ ಮೊದಲು.

ವಾಷಿಂಗ್ಟನ್ ಅಥವಾ ಲಿಂಕನ್‌ರಿಂದ ಶುರು ಮಾಡೋಣ ಅನ್ನುತ್ತೀರಿ, ಗೊತ್ತು. ನನ್ನ ಮತ ಯುಲಿಸಿಸ್ ಗ್ರಾಂಟ್‌ಗೆ. ಅಮೆರಿಕದ ಅಂತರ್ಯುದ್ಧ ಗೆದ್ದ ಸೇನಾಪತಿ, ಎರಡು ಸಲ ಅಧ್ಯಕ್ಷ. ಆದರೂ 1884ರಲ್ಲಿ ಪಾಲುದಾರನ ಮೋಸದಿಂದ ಪೂರ್ತಿ ದಿವಾಳಿಯಾದರು. ಅದೇ ವರ್ಷ ಗಂಟಲಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಹೆಂಡತಿ ಜೂಲಿಯಾಗೆ ಏನಾದರೂ ಉಳಿಸಿ ಹೋಗಬೇಕಲ್ಲ, ಆತ್ಮಕಥೆ ಬರೆಯುತ್ತಾ ಕೂತರು. 1885ರ ಜೂನ್‌ನಲ್ಲಿ ಅವರನ್ನು ನ್ಯೂಯಾರ್ಕ್ ರಾಜ್ಯದ ಮೌಂಟ್ ಮೆಕ್‌ಗ್ರೆಗರ್ ಅನ್ನುವ ಬೆಟ್ಟದ ಮೇಲಿನ ಒಂದು ಮನೆಗೆ ಕರೆದುಕೊಂಡು ಹೋದರು. ಮಾತು ಬಹುಮಟ್ಟಿಗೆ ನಿಂತಿತ್ತು, ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಪುಸ್ತಕ ಮುಗಿಸಿದ ಕೆಲವೇ ದಿನಕ್ಕೆ, ಜುಲೈ 23ರಂದು, ತೀರಿಕೊಂಡರು. ಅದನ್ನು ಅಚ್ಚು ಹಾಕಿಸಿದ್ದು ಮಾರ್ಕ್ ಟ್ವೇನ್ ಅವರ ಪ್ರಕಾಶನ, ಜೂಲಿಯಾಗೆ ಬಂದ ಹಣ ನಾಲ್ಕು ಲಕ್ಷ ಡಾಲರ್ ದಾಟಿತು.

ಆ ಮನೆ ಈಗಲೂ ಹಾಗೇ ಇದೆ. ಮಲಗಿದರೆ ಉಸಿರು ಕಟ್ಟುತ್ತಿದ್ದ ಕಾರಣ ಎರಡು ಕುರ್ಚಿ ಎದುರುಬದುರು ಜೋಡಿಸಿ ಅದರಲ್ಲೇ ನಿದ್ದೆ ಮಾಡುತ್ತಿದ್ದರು, ಆ ಕುರ್ಚಿಗಳಿವೆ. ಸಾವಿನ ಹೊತ್ತಿಗೆ ಮಗ ನಿಲ್ಲಿಸಿದ ಗಡಿಯಾರ 8 ಗಂಟೆ 8 ನಿಮಿಷ ತೋರಿಸುತ್ತಾ ನಿಂತಿದೆ. ಪುಸ್ತಕ ಓದದೆ ಹೋದರೆ ಇದು ಸುಮ್ನೆ ಎರಡು ಹಳೇ ಕುರ್ಚಿ, ಅಲ್ವಾ? ಒಂದು ಎಚ್ಚರಿಕೆ: ಆತ್ಮಕಥೆಯಲ್ಲಿ ಯುದ್ಧವೇ ಹೆಚ್ಚು, ಅಧ್ಯಕ್ಷಗಿರಿ ಬಗ್ಗೆ ಹೆಚ್ಚೇನೂ ಇಲ್ಲ. ಆ ಭಾಗ ಬೇಕಿದ್ದರೆ ರಾನ್ ಚೆರ್ನೊ 2017ರಲ್ಲಿ ತಂದ ಜೀವನಚರಿತ್ರೆ ಹಿಡಿಯಿರಿ, ಅದು ಇಟ್ಟಿಗೆ ಗಾತ್ರದ್ದು. ಗ್ರಾಂಟ್ ಬರೆದದ್ದು ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಎರಡನೆಯವರು ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್. ಅವರ ಮನೆ ಮಾಂಟಿಸೆಲೊ ವರ್ಜೀನಿಯಾದ ಶಾರ್ಲಟ್ಸ್‌ವಿಲ್ ಹತ್ತಿರ ಇದೆ. ಹೋಗುವ ಮುಂಚೆ ಆನೆಟ್ ಗಾರ್ಡನ್-ರೀಡ್ ಅವರ 'ದಿ ಹೆಮಿಂಗ್ಸಸ್ ಆಫ್ ಮಾಂಟಿಸೆಲೊ' (2008) ಓದಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರು ಅಂತ ಬರೆದ ಕೈ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿತ್ತು. ಆ ಪುಸ್ತಕದಲ್ಲಿ ಅಂಥ ಒಂದು ಕುಟುಂಬದ ಕಥೆ ಇದೆ. ಮನೆಯ ಗುಮ್ಮಟ ನೋಡಿ ಬೆರಗಾದ ಮೇಲೆ ಗುಲಾಮರು ಬದುಕಿ ದುಡಿದ ಮಲ್ಬೆರಿ ರೋ ಕಡೆಗೂ ನಡೆಯಿರಿ, ಅದನ್ನು ಬಿಟ್ಟರೆ ಅರ್ಧ ನೋಡಿದ ಹಾಗೆ. ಸಮಾಧಿ ಕಲ್ಲನ್ನೂ ಓದಿ: ತಾವೇ ಬರೆದಿಟ್ಟ ಸಾಲುಗಳಲ್ಲಿ ತಾವು ಅಧ್ಯಕ್ಷರಾಗಿದ್ದೆವು ಅನ್ನುವ ಮಾತೇ ಇಲ್ಲ.

ಮೂರನೆಯವರು 1960ರ ದಶಕದ ಅಧ್ಯಕ್ಷ ಲಿಂಡನ್ ಜಾನ್ಸನ್. ಜಾನ್ಸನ್ ಬಗ್ಗೆ ಲೇಖಕ ರಾಬರ್ಟ್ ಕ್ಯಾರೊ 1982ರಿಂದ 2012ರವರೆಗೆ ನಾಲ್ಕು ಸಂಪುಟ ಬರೆದಿದ್ದಾರೆ. ಹೆದರಬೇಡಿ, ಮೊದಲನೆಯದು ಮಾತ್ರ ಸಾಕು. ಕರೆಂಟ್ ಬರುವ ಮುಂಚೆ ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿ ಹೆಂಗಸರು ಬಾವಿಯಿಂದ ನೀರು ಹೊತ್ತು, ಒಲೆ ಮೇಲೆ ಕಾಯಿಸಿದ ಕಬ್ಬಿಣದಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅಧ್ಯಾಯ ಓದಿದ ಮೇಲೆ ಜಾನ್ಸನ್ ಸಿಟಿಯಲ್ಲಿರುವ ಅವರ ಬಾಲ್ಯದ ಮನೆಗೆ ಹೋದರೆ ಅಡುಗೆಮನೆ ಬೇರೆಯೇ ಥರ ಕಾಣುತ್ತದೆ.

ಹೊರಡುವ ಮುಂಚೆ ಆ ಜಾಗ ಯಾರ ಕೈಯಲ್ಲಿದೆ ಅಂತ ನೋಡಿಕೊಳ್ಳಿ, ಟಿಕೆಟ್ಟು, ಸಮಯ ಎಲ್ಲ ಅದರ ಮೇಲೆ ನಿಂತಿದೆ. ಕೆಲವು ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ನವು. ಕೆಲವು ಖಾಸಗಿ: ವಾಷಿಂಗ್ಟನ್ನರ ಮೌಂಟ್ ವರ್ನನ್ 1858ರಿಂದಲೂ ಒಂದು ಮಹಿಳಾ ಸಂಘದ್ದು. 1929ರಲ್ಲಿ ಅಧ್ಯಕ್ಷರಾದ ಹೂವರ್‌ರಿಂದ ಈಚೆಗಿನವರ ಲೈಬ್ರರಿಗಳು, ಅಂದರೆ ಅವರ ಕಾಗದಪತ್ರ ಇಟ್ಟಿರುವ ಜಾಗಗಳು, ಸರ್ಕಾರಿ ದಾಖಲೆ ಸಂಸ್ಥೆಯಾದ ನ್ಯಾಷನಲ್ ಆರ್ಕೈವ್ಸ್ ಕೆಳಗೆ ಬರುತ್ತವೆ. ಹಳೇ ಮನೆಗಳ ಒಳಗೆ ಎಷ್ಟೋ ಕಡೆ ಗೈಡ್ ಜೊತೆಗೇ ಹೋಗಬೇಕು, ಜಾಗ ಮುಂಚೆಯೇ ಕಾದಿರಿಸಿ. ಗ್ರಾಂಟ್ ಮನೆಗೆ ಚಳಿಗಾಲದಲ್ಲಿ ಹೋಗುವ ಯೋಚನೆ ಬೇಡ.

ಹೋಗಲಿಕ್ಕೆ ಆಗದಿದ್ದರೆ? ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ವಾಷಿಂಗ್ಟನ್‌ರಿಂದ ಕೂಲಿಡ್ಜ್‌ವರೆಗಿನ 23 ಅಧ್ಯಕ್ಷರ ಕಾಗದಪತ್ರಗಳಿವೆ. ಫೌಂಡರ್ಸ್ ಆನ್‌ಲೈನ್ ಅನ್ನುವ ತಾಣದಲ್ಲಿ ಜೆಫರ್ಸನ್, ಆಡಮ್ಸ್ ಅವರ ಪತ್ರಗಳನ್ನು ಅಚ್ಚಿನ ಅಕ್ಷರದಲ್ಲೇ ಓದಬಹುದು, ಕೈಬರಹದ ಜೊತೆ ಗುದ್ದಾಡಬೇಕಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್, ಅಲ್ಲಿ ಶ್ವೇತಭವನದ ಫೋನ್ ರೆಕಾರ್ಡಿಂಗ್‌ಗಳನ್ನು ಕೇಳಬಹುದು. ಜಾನ್ಸನ್‌ರಿಂದಲೇ ಶುರು ಮಾಡಿ. 1964ರ ಆಗಸ್ಟ್‌ನಲ್ಲಿ, ವಿಯೆಟ್ನಾಂ ಯುದ್ಧದ ಠರಾವು ಕಾಂಗ್ರೆಸ್‌ನಲ್ಲಿ ಪಾಸಾದ ಒಂದೆರಡು ದಿನಕ್ಕೇ, ಅವರು ಪ್ಯಾಂಟ್ ಕಂಪನಿಗೆ ಫೋನ್ ಮಾಡಿ, ಜೇಬು ಇನ್ನೂ ಆಳ ಇರಲಿ, ಸೊಂಟ ಸ್ವಲ್ಪ ಸಡಿಲ ಬಿಡಿ ಅಂತ ಅಳತೆ ಹೇಳುತ್ತಾರೆ.