ಬಸಿರಿನಲ್ಲಿ ಹಳೆಯ ವೈರಸ್ ಮತ್ತೆ ಎದ್ದರೆ ಏನು ಮಾಡಬೇಕು?

ಚಿಕ್ಕಂದಿನಲ್ಲಿ ಬಂದು ಹೋದ ಅಮ್ಮ (ಚಿಕನ್‌ಪಾಕ್ಸ್), ತುಟಿ ಮೇಲೆದ್ದ ಜ್ವರದ ಗುಳ್ಳೆ. ಇವುಗಳ ವೈರಸ್ ಮೈ ಬಿಟ್ಟು ಹೋಗುವುದಿಲ್ಲ, ನರದ ಬುಡದ ಗಂಟುಗಳಲ್ಲಿ ಅಡಗಿ ಕೂತಿರುತ್ತದೆ. ಸಿಎಂವಿ ಎಂಬ ಇನ್ನೊಂದು ವೈರಸ್ ಬಿಳಿ ರಕ್ತಕಣಗಳಲ್ಲಿ ಇರುತ್ತದೆ. ಹೊಟ್ಟೆಯಲ್ಲಿನ ಕೂಸನ್ನು ಮೈ ಸಹಿಸಿಕೊಳ್ಳಲೆಂದು ಬಸಿರಿನಲ್ಲಿ ರೋಗನಿರೋಧಕ ಶಕ್ತಿಯ ವರಸೆ ಬದಲಾಗುತ್ತದೆ. ಆಗ ಇವು ತಲೆಯೆತ್ತುವುದುಂಟು. ಬಹಳಷ್ಟು ಹೆಂಗಸರಿಗೆ ಅದು ಗೊತ್ತೂ ಆಗುವುದಿಲ್ಲ.

ಮೊದಲ ತಪಾಸಣೆಯಲ್ಲೇ ಹಳೆಯದನ್ನೆಲ್ಲ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಅಮ್ಮ ಆಗಿತ್ತೇ? ನಿಮಗಾಗಲಿ ಗಂಡನಿಗಾಗಲಿ ಜನನಾಂಗದಲ್ಲಿ ಗುಳ್ಳೆ ಎದ್ದಿತ್ತೇ? ಅತ್ತೆಯ ಎದುರು ಸಂಕೋಚವಾದರೆ ನರ್ಸಮ್ಮನನ್ನು ಪಕ್ಕಕ್ಕೆ ಕರೆದು ಹೇಳಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಹೆಚ್ಚು ಗಾಬರಿ ಹುಟ್ಟಿಸುವುದು ಟಾರ್ಚ್ ರಿಪೋರ್ಟು, ಅಂದರೆ ತಾಯಿಯಿಂದ ಕೂಸಿಗೆ ದಾಟಬಲ್ಲ ಸೋಂಕುಗಳ ರಕ್ತಪರೀಕ್ಷೆ. ಸೋಂಕಿನ ಎದುರು ಮೈ ತಯಾರಿಸುವ ಐಜಿಜಿ, ಐಜಿಎಂ ಎಂಬ ಪ್ರತಿಕಾಯಗಳನ್ನು ಅದು ನೋಡುತ್ತದೆ. ಐಜಿಜಿ ಪಾಸಿಟಿವ್ ಎಂದರೆ ಸೋಂಕು ಎಂದೋ ಆಗಿದೆ ಎಂದಷ್ಟೇ ಅರ್ಥ, ಅದಕ್ಕೆ ಮದ್ದು ಬೇಕಿಲ್ಲ. ಐಜಿಎಂ ಹೊಸ ಸೋಂಕಿನ ಗುರುತು, ಆದರೆ ತಿಂಗಳುಗಟ್ಟಲೆ ಉಳಿಯಬಹುದು, ಸುಳ್ಳು ಪಾಸಿಟಿವ್ ಕೂಡ ಬರುತ್ತದೆ. ಆ ಒಂದು ಚೀಟಿ ಹಿಡಿದು ಗರ್ಭ ತೆಗೆಸುವ ಮಾತಿಗೆ ಖಂಡಿತ ಹೋಗಬೇಡಿ. ಐಜಿಜಿ ವೈರಸ್ಸನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದು ತೋರಿಸುವ ಅವಿಡಿಟಿ ಪರೀಕ್ಷೆ ಕೇಳಿ. ಮೊದಲ ಮೂರು ತಿಂಗಳಲ್ಲಿ ಅದು ಹೆಚ್ಚು ಬಂದರೆ ಸೋಂಕು ಬಸಿರಿಗಿಂತ ಮುಂಚಿನದು. ಸಿಎಂವಿ ಮೊದಲ ಬಾರಿ ತಗುಲಿದರೆ ನೂರರಲ್ಲಿ 30–40 ಕೂಸುಗಳಿಗೆ ದಾಟಬಹುದು. ಹಳೆಯದು ಎದ್ದರೆ ಸುಮಾರು 1.

ಸೊಂಟದ ಅಥವಾ ಎದೆಯ ಒಂದೇ ಬದಿಗೆ ಎರಡು ಮೂರು ದಿನ ಉರಿದು, ಆಮೇಲೆ ಪಟ್ಟಿಯಂತೆ ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು. ಅಮ್ಮನದೇ ವೈರಸ್ಸು. ತಲೆ–ಬಾಲ ಕೂಡಿದರೆ ಜೀವ ಹೋಗುತ್ತದೆಂಬುದು ಸುಳ್ಳು: ಅದು ಒಂದು ನರದ ಹಾದಿ ಹಿಡಿಯುತ್ತದೆ, ಆ ನರ ಮೈಯ ಅರ್ಧಕ್ಕೇ ಮುಗಿಯುತ್ತದೆ. ಕೆಮ್ಮಣ್ಣು ಬಳಿದು ಕಾಯುತ್ತ ಕೂತರೆ ಗುಳ್ಳೆ ಕೀವಾಗುತ್ತದೆ, ಔಷಧಿಯ ಹೊತ್ತೂ ಮೀರುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈದ್ಯರು ಬರೆದುಕೊಟ್ಟ ಅಸೈಕ್ಲೋವಿರ್ ಎಂಬ ವೈರಸ್ ತಡೆಯುವ ಮದ್ದು ಶುರುವಾಗಬೇಕು. ಕಣ್ಣಿನ ಸುತ್ತ, ಮೂಗಿನ ತುದಿಗೆ ಎದ್ದರೆ ಅಂದೇ ಹೊರಡಿ. ಹೊಟ್ಟೆಯಲ್ಲಿನ ಕೂಸಿಗೆ ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಅಮ್ಮ ಆಗದ ಇನ್ನೊಬ್ಬ ಬಸುರಿ ಮನೆಯಲ್ಲಿದ್ದರೆ ಗುಳ್ಳೆ ಹೆಕ್ಕಳೆಗಟ್ಟುವವರೆಗೆ ದೂರವಿರಲಿ.

ಜನನಾಂಗದ ಹರ್ಪಿಸ್ (ಅಲ್ಲಿ ಮತ್ತೆ ಮತ್ತೆ ಏಳುವ ವೈರಸ್ ಗುಳ್ಳೆ) ಇದ್ದವರಿಗೆ 36ನೇ ವಾರದಿಂದ ಹೆರಿಗೆಯವರೆಗೆ ಸಾಮಾನ್ಯವಾಗಿ ಅಸೈಕ್ಲೋವಿರ್ 400 ಮಿ.ಗ್ರಾಂ ದಿನಕ್ಕೆ ಮೂರು ಸಲ ಕೊಡುತ್ತಾರೆ. ನೋವು ಶುರುವಾದಾಗ ಗುಳ್ಳೆಯಿದ್ದರೆ ಸಿಸೇರಿಯನ್ನೇ ಸುರಕ್ಷಿತ.

ತುಟಿಗೆ ಗುಳ್ಳೆ ಎದ್ದವರು, ಅಜ್ಜಿಯೇ ಆಗಿರಲಿ, ಹಸುಗೂಸಿಗೆ ಮುದ್ದು ಕೊಡಬಾರದು. ಮೊದಲ ನಾಲ್ಕು ವಾರಗಳಲ್ಲಿ ಕೂಸು ಹಾಲು ಬಿಟ್ಟರೆ, ಮಂಕಾದರೆ, ಮೈಮೇಲೆ ಗುಳ್ಳೆ ಕಂಡರೆ ಬೆಳಗಾಗಲೆಂದು ಕಾಯದೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ.