ಸರ್ಕಾರಿ ಬಾಂಡ್ ನೇರವಾಗಿ ಕೊಳ್ಳುವುದು ಹೇಗೆ?

ಬ್ಯಾಂಕಿನಲ್ಲಿಟ್ಟ ಎಫ್‌ಡಿಗೆ 5 ಲಕ್ಷ ರೂಪಾಯಿವರೆಗೆ ಮಾತ್ರ ವಿಮೆ ಇದೆ. ಕೇಂದ್ರ ಸರ್ಕಾರದ ಬಾಂಡ್‌ಗೆ, ಅಂದರೆ ಸರ್ಕಾರ ನಮ್ಮಿಂದ ಪಡೆಯುವ ಸಾಲದ ಪತ್ರಕ್ಕೆ, ಅಂಥ ಮಿತಿ ಇಲ್ಲ. ಅಸಲು, ಬಡ್ಡಿ ಎರಡಕ್ಕೂ ಸರ್ಕಾರವೇ ಹೊಣೆ. ಮೊದಲೆಲ್ಲ ಇದು ಹೆಚ್ಚಾಗಿ ಬ್ಯಾಂಕ್, ವಿಮಾ ಕಂಪನಿಗಳ ವ್ಯವಹಾರವಾಗಿತ್ತು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ‘ರಿಟೇಲ್ ಡೈರೆಕ್ಟ್’ ಎಂಬ ಆನ್‌ಲೈನ್ ಯೋಜನೆ ಶುರು ಮಾಡಿದ ಮೇಲೆ ನಾವೂ ಮಧ್ಯವರ್ತಿ ಇಲ್ಲದೆ ಕೊಳ್ಳಬಹುದು. ಕೈಯಲ್ಲಿ 10,000 ರೂಪಾಯಿ ಇದ್ದರೆ ಸಾಕು.

ಮೊದಲು ಅವಧಿ ನೋಡಿ

ಎಲ್ಲರೂ ಬಡ್ಡಿ ಎಷ್ಟು ಎಂದು ಕೇಳುತ್ತಾರೆ. ಹಣ ವಾಪಸ್ ಯಾವಾಗ ಬೇಕು ಎಂಬುದು ಅದಕ್ಕಿಂತ ಮುಖ್ಯ. ‘7.10% ಜಿಎಸ್ 2034’ ಎಂಬ ಬಾಂಡನ್ನೇ ತೆಗೆದುಕೊಳ್ಳಿ (ಜಿಎಸ್ ಅಂದರೆ ಸರ್ಕಾರಿ ಸಾಲಪತ್ರ). 10,000 ರೂಪಾಯಿ ಮುಖಬೆಲೆಗೆ ವರ್ಷಕ್ಕೆ 710 ರೂಪಾಯಿ ಬಡ್ಡಿ. ಆರು ತಿಂಗಳಿಗೊಮ್ಮೆ 355ರಂತೆ ಖಾತೆಗೆ ಬರುತ್ತದೆ. 2034ರಲ್ಲಿ ಅಸಲು ಪೂರ್ತಿ ಕೈಸೇರುತ್ತದೆ.

ಆದರೆ ನಡುವೆ ಮಾರಬೇಕಾಗಿ ಬಂದರೆ? ಮಾರುಕಟ್ಟೆಯಲ್ಲಿ ಬಡ್ಡಿ ದರ 8%ಗೆ ಏರಿದೆ ಎಂದುಕೊಳ್ಳಿ. ಆಗ 7.10% ಕೊಡುವ ಹಳೇ ಬಾಂಡನ್ನು ಯಾರೂ ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ. ಇನ್ನೂ 10 ವರ್ಷ ಬಾಕಿ ಇರುವ ಬಾಂಡ್ ಆಗಿದ್ದರೆ ಬೆಲೆ ಸುಮಾರು 9,400 ರೂಪಾಯಿಗೆ ಇಳಿಯುತ್ತದೆ. ದರ ಇಳಿದರೆ ಉಲ್ಟಾ, ಲಾಭ ನಿಮಗೇ. ‘ಸುರಕ್ಷಿತ’ ಎಂಬ ಮಾತು ಅವಧಿ ಮುಗಿಯುವ ತನಕ ಕಾಯುವವರಿಗೆ ಮಾತ್ರ ಪೂರ್ತಿ ನಿಜ. ಮೂರು ವರ್ಷದಲ್ಲಿ ಮಗಳ ಕಾಲೇಜು ಫೀಸು ಕಟ್ಟಬೇಕಾದವರಿಗೆ 30 ವರ್ಷದ ಬಾಂಡ್ ಯಾಕೆ, ಅಲ್ವಾ?

ಕಡಿಮೆ ದಿನಕ್ಕಾದರೆ ಟ್ರೆಷರಿ ಬಿಲ್ ಎಂಬ ಕೇಂದ್ರ ಸರ್ಕಾರದ ಅಲ್ಪಾವಧಿ ಸಾಲಪತ್ರಗಳಿವೆ: 91, 182 ಮತ್ತು 364 ದಿನದವು. ಇವಕ್ಕೆ ಬಡ್ಡಿ ಅಂತ ಬೇರೆ ಇಲ್ಲ. ಮುಖಬೆಲೆಗಿಂತ ಕಡಿಮೆಗೆ ಕೊಳ್ಳುತ್ತೀರಿ, ಕೊನೆಗೆ ಪೂರ್ತಿ ಮುಖಬೆಲೆ ಪಡೆಯುತ್ತೀರಿ. ರಾಜ್ಯ ಸರ್ಕಾರಗಳ ಬಾಂಡೂ ಸಿಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಬಡ್ಡಿ ಸ್ವಲ್ಪ ಜಾಸ್ತಿ.

ಖಾತೆ ತೆರೆಯಿರಿ

ರಿಟೇಲ್ ಡೈರೆಕ್ಟ್ ಪೋರ್ಟಲ್ ಅಥವಾ ಆಪ್‌ನಲ್ಲಿ ನೋಂದಾಯಿಸಿ. ಪ್ಯಾನ್, ಆಧಾರ್‌ನಂಥ ಗುರುತಿನ ದಾಖಲೆ, ಉಳಿತಾಯ ಖಾತೆ, ಇಮೇಲ್, ಮೊಬೈಲ್ ನಂಬರ್ ಬೇಕು. ಕೆವೈಸಿ ಮುಗಿದರೆ ನಿಮ್ಮ ಹೆಸರಿನಲ್ಲಿ ಗಿಲ್ಟ್ ಖಾತೆ, ಅಂದರೆ ಸರ್ಕಾರಿ ಬಾಂಡ್ ಇಡುವ ಖಾತೆ, ತೆರೆಯುತ್ತದೆ. ಶುಲ್ಕ ಇಲ್ಲ. ನಾಮಿನಿ ಹೆಸರು ಆಗಲೇ ತುಂಬಿಬಿಡಿ.

ಹರಾಜಿನಲ್ಲಿ ಬಿಡ್ ಹಾಕಿ

ಹರಾಜು ಎಂದ ಕೂಡಲೇ ಗಾಬರಿ ಬೇಡ. ಬೆಲೆ ಕೂಗುವುದು ದೊಡ್ಡ ಸಂಸ್ಥೆಗಳ ಕೆಲಸ. ನೀವು ಎಷ್ಟು ಮೊತ್ತದ ಬಾಂಡ್ ಬೇಕೆಂದು ಹೇಳಿದರೆ ಮುಗಿಯಿತು. ಅವರ ಬಿಡ್‌ಗಳಿಂದ ಬಂದ ಸರಾಸರಿ ಬೆಲೆಗೆ ನಿಮಗೆ ಸಿಗುತ್ತದೆ. ಸಾಮಾನ್ಯವಾಗಿ ರಾಜ್ಯಗಳ ಬಾಂಡ್ ಹರಾಜು ಮಂಗಳವಾರ, ಟ್ರೆಷರಿ ಬಿಲ್ ಬುಧವಾರ, ಕೇಂದ್ರದ ಬಾಂಡ್ ಶುಕ್ರವಾರ. ಹಣವನ್ನು ಯುಪಿಐ ಅಥವಾ ನೆಟ್‌ಬ್ಯಾಂಕಿಂಗ್‌ನಲ್ಲಿ ಕಟ್ಟಬಹುದು.

ಹರಾಜಿಗೆ ಕಾಯಲು ಮನಸ್ಸಿಲ್ಲದಿದ್ದರೆ ಅದೇ ಪೋರ್ಟಲ್‌ನ ಸೆಕೆಂಡರಿ ಮಾರ್ಕೆಟ್‌ನಲ್ಲಿ ಹಳೇ ಬಾಂಡ್ ಕೊಳ್ಳಬಹುದು. ಮಾರುವುದೂ ಅಲ್ಲೇ. ಆದರೆ ಸಣ್ಣ ಮೊತ್ತಕ್ಕೆ ಕೇಳಿದ ಬೆಲೆ ಕೊಡುವವರು ತಕ್ಷಣ ಸಿಗದಿರಬಹುದು. ತುರ್ತಿಗೆಂದು ಇಟ್ಟ ಹಣವನ್ನು ಇಲ್ಲಿಗೆ ತರಬೇಡಿ.

ತೆರಿಗೆ ವಿಷಯ: ಇಂಥ ಬಾಂಡ್‌ಗಳ ಬಡ್ಡಿಯಲ್ಲಿ ಸಾಮಾನ್ಯವಾಗಿ ಟಿಡಿಎಸ್ ಕಡಿಯುವುದಿಲ್ಲ. ಹಾಗಂತ ತೆರಿಗೆ ಇಲ್ಲ ಎಂದಲ್ಲ. ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ, ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ನೀವೇ ತೋರಿಸಬೇಕು.